ಪೂರ್ಣವ್ಯವಸ್ಥೆಯ ಗಣಕ ಸಿಮ್ಯುಲೇಟರುಗಳಲ್ಲಿ ವಿಶ್ವಾಸಾರ್ಹ ಅಂಕಿಅಂಶಗಳ ಸಂಗ್ರಹ: ಚಿತ್ರದುರ್ಗ ಸೀಮೆಯ ನಿದರ್ಶನಗಳೊಂದಿಗೆ ಒಂದು ವಿವೇಚನೆ

ಪೀಠಿಕೆ

ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರದ ಕಾಮಗಾರಿಯು 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡಿತು. ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಈ ಜಲಾಶಯವು ಮೊದಲ ಬಾರಿಗೆ ಕೋಡಿ ಬಿದ್ದುದು 1933ರಲ್ಲಿ. ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಅನಂತರ, 2022ರಲ್ಲಿ. ಅಣೆಕಟ್ಟು ಮುಗಿದ ಮರುವರ್ಷದ ನೀರಿನ ಮಟ್ಟವನ್ನು ಮಾತ್ರ ನೋಡಿದವನಿಗೆ ಇದೊಂದು ವ್ಯರ್ಥ ನಿರ್ಮಾಣವೆಂದು ತೋರಬಹುದು. 2022ರ ಮಟ್ಟವನ್ನು ಮಾತ್ರ ನೋಡಿದವನಿಗೆ ಇದು ಎಂದೂ ಬತ್ತದ ಕಡಲೆಂದು ತೋರಬಹುದು. ಇಬ್ಬರೂ ಓದಿದ ಅಳತೆಪಟ್ಟಿ ಸರಿಯಾದುದೇ. ಆದರೆ ಇಬ್ಬರ ತೀರ್ಮಾನವೂ ತಪ್ಪು. ಅಳತೆಯ ಉಪಕರಣ ನಿರ್ದುಷ್ಟವಾಗಿದ್ದರೂ ಅಳತೆಯ ಕ್ರಮ ಸದೋಷವಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಈ ಸೀಮೆಯವರಿಗೆ ಬೇಕಿಲ್ಲ.

ಇದೇ ಸಮಸ್ಯೆಯು ಇಂದಿನ ಗಣಕ ವಿನ್ಯಾಸದ ಪ್ರಯೋಗಾಲಯಗಳಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಇನ್ನೂ ತಯಾರಾಗದ ಪ್ರೊಸೆಸರೊಂದರ ಗುಣಾವಗುಣಗಳನ್ನು ಸಿಮ್ಯುಲೇಟರು ಎಂಬ ತಂತ್ರಾಂಶದ ಮೂಲಕ ಮುಂಚಿತವಾಗಿ ಅಳೆಯಲಾಗುತ್ತದೆ. ಈ ತಂತ್ರಾಂಶವು ಒಂದೊಂದು ಪ್ರಯೋಗಕ್ಕೂ ಸಾವಿರಾರು ಸಾಲುಗಳ ಅಂಕಿಅಂಶವನ್ನು ನೀಡುತ್ತದೆ. ಆ ಅಂಕಿಗಳನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಸಿಮ್ಯುಲೇಟರಿನ ಸ್ವರೂಪ

ಪ್ರೊಸೆಸರೊಂದನ್ನು ಸಿಲಿಕಾನಿನಲ್ಲಿ ಮೂಡಿಸುವುದು ಅಪಾರ ವೆಚ್ಚದ ಕೆಲಸ. ಒಮ್ಮೆ ಮೂಡಿದ ಮೇಲೆ ಅದರ ಒಳರಚನೆಯನ್ನು ತಿದ್ದಲಾಗದು. ಆದ್ದರಿಂದ ವಿನ್ಯಾಸಕಾರರು ಹೊಸ ಯಂತ್ರದ ಪ್ರತಿರೂಪವನ್ನು ಈಗಾಗಲೇ ಇರುವ ಯಂತ್ರದ ಮೇಲೆ ತಂತ್ರಾಂಶವಾಗಿ ರಚಿಸಿ, ಅದರೊಳಗೆ ಪ್ರೋಗ್ರಾಮುಗಳನ್ನು ಓಡಿಸಿ ನೋಡುತ್ತಾರೆ. ಇಂತಹ ಸಿಮ್ಯುಲೇಟರುಗಳಲ್ಲಿ ಎರಡು ಬಗೆ. ಮೊದಲನೆಯದು ಪ್ರೋಗ್ರಾಮೊಂದರ ಆದೇಶಗಳನ್ನಷ್ಟೇ ಅನುಕರಿಸುತ್ತದೆ. ಎರಡನೆಯದು ಪ್ರೊಸೆಸರು, ಸ್ಮೃತಿ, ಡಿಸ್ಕ್, ಜಾಲಸಂಪರ್ಕದ ಸಾಧನಗಳು ಎಲ್ಲವನ್ನೂ ಅನುಕರಿಸಿ, ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯೇ ತನ್ನೊಳಗೆ ಎದ್ದು ನಿಲ್ಲುವಂತೆ ಮಾಡುತ್ತದೆ. ಇದನ್ನೇ ಪೂರ್ಣವ್ಯವಸ್ಥೆಯ ಸಿಮ್ಯುಲೇಟರು ಎನ್ನುತ್ತಾರೆ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಿಮ್‌ಓಎಸ್ ಈ ಮಾರ್ಗದ ಆದ್ಯ ಪ್ರಯತ್ನಗಳಲ್ಲೊಂದು. ಮಿಚಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ತಂತ್ರಾಂಶಗಳ ಸಂಗಮದಿಂದ ಹುಟ್ಟಿದ ಜೆಮ್5 ಇಂದು ಸಂಶೋಧನಾ ವಲಯದಲ್ಲಿ ಅತಿ ವ್ಯಾಪಕವಾಗಿ ಬಳಕೆಯಲ್ಲಿದೆ. 2011ರಲ್ಲಿ ಜೆಮ್5ನ್ನು ಪರಿಚಯಿಸಿದ ಲೇಖನದ ಕರ್ತೃಗಳಲ್ಲೊಬ್ಬರಾದ ಅರ್ಕಪ್ರವ ಬಸು ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕ ವರ್ಗವನ್ನು ಸೇರಿದರೆಂಬುದು ಕರ್ನಾಟಕದ ಮಟ್ಟಿಗೆ ಗಮನಾರ್ಹ ಸಂಗತಿ.

ಸಿಮ್ಯುಲೇಟರಿನ ದೊಡ್ಡ ತೊಡಕು ಅದರ ನಿಧಾನಗತಿ. ಸೆಕೆಂಡಿಗೆ 200 ಕೋಟಿ ಆದೇಶಗಳನ್ನು ನಿರ್ವಹಿಸುವ ಯಂತ್ರವು ಒಂದು ಲಕ್ಷ ಕೋಟಿ ಆದೇಶಗಳ ಪ್ರೋಗ್ರಾಮನ್ನು ಎಂಟು ನಿಮಿಷ 20 ಸೆಕೆಂಡುಗಳಲ್ಲಿ ಮುಗಿಸುತ್ತದೆ. ಸೆಕೆಂಡಿಗೆ 2 ಲಕ್ಷ ಆದೇಶಗಳಷ್ಟೇ ಸಾಗುವ ಸವಿವರ ಸಿಮ್ಯುಲೇಟರಿನಲ್ಲಿ ಅದೇ ಪ್ರೋಗ್ರಾಮಿಗೆ ಸುಮಾರು 58 ದಿನಗಳು ಬೇಕು. ಹತ್ತು ವಿನ್ಯಾಸಗಳನ್ನು ಇಪ್ಪತ್ತು ಪ್ರೋಗ್ರಾಮುಗಳಿಂದ ಪರೀಕ್ಷಿಸಬೇಕಾದವನು ಹೀಗೆ ಕಾಯಲಾರ. ಆದ್ದರಿಂದ ಓಟದ ಒಂದು ಭಾಗವನ್ನಷ್ಟೇ ಅಳೆಯುವುದು ಅನಿವಾರ್ಯ. ಯಾವ ಭಾಗವನ್ನು ಅಳೆಯಬೇಕೆಂಬ ಪ್ರಶ್ನೆಯಿಂದಲೇ ಮುಂದಿನ ಎಲ್ಲ ತೊಡಕುಗಳೂ ಹುಟ್ಟುತ್ತವೆ.

2. ಅಳತೆಯ ಗಡಿ

ಪೂರ್ಣವ್ಯವಸ್ಥೆಯ ಸಿಮ್ಯುಲೇಟರಿನಲ್ಲಿ ಬೆಂಚ್‌ಮಾರ್ಕ್ ಎಂಬ ಮಾನಕ ಪರೀಕ್ಷಾ ಪ್ರೋಗ್ರಾಮು ಆರಂಭವಾಗುವ ಮೊದಲೇ ಬಹಳಷ್ಟು ಕೆಲಸ ನಡೆದಿರುತ್ತದೆ. ಕರ್ನೆಲ್ ಎದ್ದೇಳಬೇಕು, ಸಾಧನಗಳ ಗುರುತು ಆಗಬೇಕು, ಕಡತಗಳು ತೆರೆಯಬೇಕು, ಪ್ರೋಗ್ರಾಮು ತನ್ನ ದತ್ತಾಂಶವನ್ನು ಸ್ಮೃತಿಗೆ ತುಂಬಿಕೊಳ್ಳಬೇಕು. ಈ ಎಲ್ಲದರ ಲೆಕ್ಕವೂ ಸಿಮ್ಯುಲೇಟರಿನ ಎಣಿಕೆಯಲ್ಲಿ ಸೇರಿಕೊಂಡರೆ ಆಗುವ ಹಾನಿಯನ್ನು ಸರಳ ಲೆಕ್ಕವೊಂದರಿಂದ ತೋರಿಸಬಹುದು.

ವ್ಯವಸ್ಥೆ ಎದ್ದೇಳಲು 400 ಕೋಟಿ ಆದೇಶಗಳೂ 800 ಕೋಟಿ ಗಡಿಯಾರ ಮಿಡಿತಗಳೂ ತಗಲುತ್ತವೆ ಎಂದಿಟ್ಟುಕೊಂಡರೆ ಒಂದು ಮಿಡಿತಕ್ಕೆ ಅರ್ಧ ಆದೇಶವಾಯಿತು. ಅಳೆಯಬೇಕಾದ ಪ್ರೋಗ್ರಾಮು 100 ಕೋಟಿ ಆದೇಶಗಳನ್ನು 50 ಕೋಟಿ ಮಿಡಿತಗಳಲ್ಲಿ ಮುಗಿಸಿದರೆ ಒಂದು ಮಿಡಿತಕ್ಕೆ ಎರಡು ಆದೇಶ. ಎರಡನ್ನೂ ಕೂಡಿಸಿ ಲೆಕ್ಕ ಮಾಡಿದಾಗ ದೊರೆಯುವ ಫಲ ಸುಮಾರು 0.59. ಇದು ಪ್ರೋಗ್ರಾಮಿನ ಲಕ್ಷಣವಲ್ಲ, ಬಹುಪಾಲು ಕರ್ನೆಲಿನ ಲಕ್ಷಣ. ಈಗ ಹೊಸ ವಿನ್ಯಾಸವೊಂದು ಪ್ರೋಗ್ರಾಮಿನ ಕಾಲವನ್ನು 50 ಕೋಟಿ ಮಿಡಿತಗಳಿಂದ 40 ಕೋಟಿಗೆ, ಅಂದರೆ ಶೇಕಡ 20ರಷ್ಟು, ಇಳಿಸಿತೆನ್ನೋಣ. ಕೂಡಿಸಿದ ಲೆಕ್ಕದಲ್ಲಿ 850 ಕೋಟಿಯು 840 ಕೋಟಿಯಾಗುತ್ತದೆ. ಶೇಕಡ 20ರ ಸುಧಾರಣೆಯು ಶೇಕಡ 1.2ರಷ್ಟಾಗಿ ಕಾಣಿಸುತ್ತದೆ. ಒಳ್ಳೆಯ ಕಲ್ಪನೆಯೊಂದು ಹೀಗೆ ಮೂಲೆ ಸೇರಬಹುದು.

ಇದಕ್ಕೆ ಪರಿಹಾರವೆಂದರೆ ಅಳತೆಯ ವಲಯವನ್ನು ಪ್ರೋಗ್ರಾಮಿನೊಳಗೇ ಗುರುತು ಮಾಡುವುದು. ಜೆಮ್5ನಲ್ಲಿ ಪ್ರೋಗ್ರಾಮು ಓಡುತ್ತಿರುವಾಗಲೇ ಸಿಮ್ಯುಲೇಟರಿಗೆ ಸಂಕೇತ ಕಳುಹಿಸುವ ವಿಶೇಷ ಆದೇಶಗಳಿವೆ. ಒಂದು ಆದೇಶ ಎಲ್ಲ ಎಣಿಕೆಗಳನ್ನೂ ಸೊನ್ನೆಗೆ ತರುತ್ತದೆ. ಇನ್ನೊಂದು ಅಂದಿನವರೆಗಿನ ಎಣಿಕೆಯನ್ನು ಕಡತಕ್ಕೆ ಬರೆಯುತ್ತದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್ ಸಂಸ್ಥೆಗಳ ಸಹಯೋಗದಲ್ಲಿ ಹೊರಬಂದ ಪಾರ್ಸೆಕ್ ಬೆಂಚ್‌ಮಾರ್ಕ್ ಸಮುಚ್ಚಯದಲ್ಲಿ ಇಂತಹ ವಲಯಗಳ ಆದಿ ಅಂತ್ಯಗಳನ್ನು ಮೊದಲೇ ಗುರುತಿಸಿಡಲಾಗಿದೆ. ಬರೆಸಿದ ಕಡತವನ್ನು ಓದುವಾಗಲೂ ಎಚ್ಚರ ಅಗತ್ಯ. ಎಣಿಕೆಯನ್ನು ಎಷ್ಟು ಬಾರಿ ಬರೆಸಲಾಗಿದೆಯೋ ಅಷ್ಟು ಖಂಡಗಳು ಒಂದೇ ಕಡತದಲ್ಲಿ ಒಂದರ ಕೆಳಗೊಂದು ಇರುತ್ತವೆ. ಓಟದ ಕೊನೆಯಲ್ಲಿ ಸಿಮ್ಯುಲೇಟರು ತಾನಾಗಿ ಬರೆಯುವ ಖಂಡವನ್ನೇ ವಲಯದ ಖಂಡವೆಂದು ಭ್ರಮಿಸುವುದು ಸಾಮಾನ್ಯ ಪ್ರಮಾದ. ಹಾಗೆಯೇ ಅನುಕರಿತ ಯಂತ್ರದೊಳಗೆ ಕಳೆದ ಕಾಲ ಬೇರೆ, ಸಿಮ್ಯುಲೇಟರನ್ನು ಓಡಿಸುತ್ತಿರುವ ಹೊರಗಿನ ಯಂತ್ರದಲ್ಲಿ ಕಳೆದ ಕಾಲ ಬೇರೆ. ಎರಡೂ ಒಂದೇ ಕಡತದಲ್ಲಿ ಅಚ್ಚಾಗುವುದರಿಂದ ಹೊಸಬರು ಒಂದನ್ನು ಇನ್ನೊಂದೆಂದು ಓದುವುದುಂಟು.

3. ಆರಂಭದ ಸ್ಥಿತಿ

ಗಡಿಯನ್ನು ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಅಳತೆ ಶುದ್ಧವಾಗುವುದಿಲ್ಲ. ಎಣಿಕೆ ಆರಂಭವಾದ ಗಳಿಗೆಯಲ್ಲಿ ಯಂತ್ರ ಯಾವ ಸ್ಥಿತಿಯಲ್ಲಿತ್ತು ಎಂಬುದು ಎರಡನೆಯ ಪ್ರಶ್ನೆ. ಪ್ರೊಸೆಸರಿನ ಸಮೀಪದಲ್ಲಿ ಕ್ಯಾಶ್ ಎಂಬ ಕಿರುಸ್ಮೃತಿ ಇರುತ್ತದೆ. ಪದೇಪದೇ ಬೇಕಾಗುವ ದತ್ತಾಂಶವನ್ನು ಅದು ಹತ್ತಿರದಲ್ಲೇ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಮು ಮುಂದೆ ಯಾವ ಕವಲು ಹಿಡಿಯುತ್ತದೆ ಎಂದು ಹಿಂದಿನ ಅನುಭವದಿಂದ ಊಹಿಸುವ ಭಾಗವೂ ಇರುತ್ತದೆ. ಓಟದ ಆರಂಭದಲ್ಲಿ ಇವೆರಡೂ ಖಾಲಿ. ಖಾಲಿ ಸ್ಥಿತಿಯ ಸೋಲುಗಳನ್ನು ವಿನ್ಯಾಸದ ಸೋಲುಗಳೆಂದು ಎಣಿಸಲಾಗದು.

ಇಲ್ಲಿ ವಾಣಿವಿಲಾಸ ಸಾಗರದ ನಿದರ್ಶನ ಮತ್ತೆ ಉಪಯುಕ್ತವಾಗುತ್ತದೆ. ಊರ ಮುಂದಿನ ಸಣ್ಣ ಕಟ್ಟೆ ಒಂದೆರಡು ಹದ ಮಳೆಗೆ ತುಂಬುತ್ತದೆ. ಮಾರಿಕಣಿವೆಯಂತಹ ಜಲಾಶಯ ಕಟ್ಟಿ ಮುಗಿದ ಮೇಲೆ ಕೋಡಿ ಬೀಳಲು 26 ವರ್ಷಗಳು ಹಿಡಿದವು. ಮೊದಲ ವರ್ಷದ ಸಂಗ್ರಹವನ್ನು ಸಾಮರ್ಥ್ಯದ ಶೇಕಡಾಂಶವಾಗಿ ಹೋಲಿಸಿದರೆ ಕಟ್ಟೆಯೇ ಜಲಾಶಯಕ್ಕಿಂತ ಮೇಲೆಂಬ ತೀರ್ಮಾನ ಬರುತ್ತದೆ. ಕ್ಯಾಶುಗಳ ವಿಷಯದಲ್ಲೂ ಹೀಗೆಯೇ. 32 ಕಿಲೋಬೈಟಿನ ಕ್ಯಾಶ್ ಬೇಗನೆ ತುಂಬುತ್ತದೆ. 16 ಮೆಗಾಬೈಟಿನ ಕ್ಯಾಶ್ ತುಂಬಲು ಅದಕ್ಕಿಂತ ನೂರಾರು ಪಟ್ಟು ಹೆಚ್ಚು ದತ್ತಾಂಶ ಹರಿದು ಬರಬೇಕು. ಅಣಿಗೊಳಿಸುವ ಅವಧಿ ಚಿಕ್ಕದಾದಷ್ಟೂ ದೊಡ್ಡ ಕ್ಯಾಶಿಗೆ ಅನ್ಯಾಯ. ದೋಷವು ಎರಡು ವಿನ್ಯಾಸಗಳಿಗೂ ಸಮನಾಗಿ ತಗಲಿದ್ದರೆ ಹೋಲಿಕೆಗಾದರೂ ಅಡ್ಡಿಯಿರುತ್ತಿರಲಿಲ್ಲ. ಅಸಮವಾಗಿ ತಗಲುವುದರಿಂದಲೇ ಇದು ಅಪಾಯಕಾರಿ.

ರೂಢಿಯ ಕ್ರಮ ಹೀಗಿದೆ. ವ್ಯವಸ್ಥೆಯನ್ನು ವಿವರಗಳಿಲ್ಲದ ವೇಗದ ವಿಧಾನದಲ್ಲಿ ಎಬ್ಬಿಸಿ, ಅಳತೆಯ ವಲಯದ ಹೊಸ್ತಿಲಿಗೆ ತಂದು, ಯಂತ್ರದ ಸ್ಥಿತಿಯನ್ನು ಚೆಕ್‌ಪಾಯಿಂಟ್ ಎಂಬ ಕಡತವಾಗಿ ಉಳಿಸಲಾಗುತ್ತದೆ. ಪ್ರತಿ ಪ್ರಯೋಗವೂ ಅಲ್ಲಿಂದಲೇ ಹೊರಡುತ್ತದೆ. ಆದರೆ ಚೆಕ್‌ಪಾಯಿಂಟಿನಲ್ಲಿ ಮುಖ್ಯಸ್ಮೃತಿ ಮತ್ತು ರಿಜಿಸ್ಟರುಗಳ ವಿವರ ಉಳಿದರೂ ಕ್ಯಾಶಿನ ಒಳಗಿನದು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದ್ದರಿಂದ ಚೆಕ್‌ಪಾಯಿಂಟಿನಿಂದ ಹೊರಟ ಮೇಲೆ ಸಾಕಷ್ಟು ದೂರ ಓಡಿಸಿ, ಅನಂತರ ಎಣಿಕೆಯನ್ನು ಸೊನ್ನೆ ಮಾಡಿ, ಆಮೇಲಷ್ಟೇ ಅಳೆಯಬೇಕು. ಸಾಕಷ್ಟು ಎಂದರೆ ಎಷ್ಟು ಎಂಬುದನ್ನೂ ಪರೀಕ್ಷಿಸಿಯೇ ತಿಳಿಯಬೇಕು. ಅಣಿಗೊಳಿಸುವ ಅವಧಿಯನ್ನು ಇಮ್ಮಡಿಸಿದಾಗಲೂ ಫಲ ಬದಲಾಗದಿದ್ದರೆ ಅವಧಿ ಸಾಕೆಂದು ಭಾವಿಸಬಹುದು.

4. ಮಾದರಿಗಳ ಆಯ್ಕೆ

ಪ್ರೋಗ್ರಾಮುಗಳ ನಡೆ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿರುವುದಿಲ್ಲ, ಅವುಗಳಿಗೂ ಋತುಗಳಿವೆ. ಚಿತ್ರದುರ್ಗದ ಬೆಟ್ಟಸಾಲುಗಳಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವವರು ಆಷಾಢದ ಗಾಳಿಯನ್ನಷ್ಟೇ ಅಳೆದು ವರ್ಷದ ವಿದ್ಯುತ್ತನ್ನು ಲೆಕ್ಕ ಹಾಕಿದರೆ ನಷ್ಟ ಖಚಿತ. ಹಾಗಾಗಿ ಎತ್ತರದ ಕಂಬದ ಮೇಲೆ ಮಾಪಕವನ್ನಿಟ್ಟು ವರ್ಷದ ಎಲ್ಲ ತಿಂಗಳುಗಳ ಗಾಳಿಯನ್ನೂ ದಾಖಲಿಸಬೇಕಾಗುತ್ತದೆ. ಪ್ರೋಗ್ರಾಮಿನ ಮೊದಲ ಹತ್ತು ಕೋಟಿ ಆದೇಶಗಳನ್ನಷ್ಟೇ ಅಳೆದು ಒಟ್ಟು ಓಟದ ಬಗ್ಗೆ ಮಾತನಾಡುವುದು ಆಷಾಢದ ಲೆಕ್ಕವೇ ಸರಿ.

ಇದಕ್ಕೆ ಎರಡು ಮಾರ್ಗಗಳು ರೂಢಿಯಲ್ಲಿವೆ. ಮೊದಲನೆಯದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದಲ್ಲಿ 2002ರಲ್ಲಿ ಪ್ರಕಟವಾದ ಸಿಮ್‌ಪಾಯಿಂಟ್. ಇದು ಓಟವನ್ನು ಸಮಾನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿ ಪ್ರೋಗ್ರಾಮಿನ ಯಾವ ಭಾಗ ಎಷ್ಟು ಬಾರಿ ನಡೆಯಿತೆಂದು ಎಣಿಸಿ, ಒಂದನ್ನೊಂದು ಹೋಲುವ ತುಂಡುಗಳನ್ನು ಗುಂಪುಗೂಡಿಸುತ್ತದೆ. ಪ್ರತಿ ಗುಂಪಿನಿಂದ ಒಂದು ಪ್ರತಿನಿಧಿಯನ್ನು ಅಳೆದು, ಗುಂಪಿನ ಗಾತ್ರಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯಲಾಗುತ್ತದೆ. ಜಿಲ್ಲೆಯ ಮಳೆಯನ್ನು ತಿಳಿಯಲು ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ, ಹಿರಿಯೂರುಗಳ ಮಳೆಮಾಪಕಗಳನ್ನು ಬೇರೆಬೇರೆಯಾಗಿ ಓದಿ, ಆಯಾ ತಾಲ್ಲೂಕಿನ ವಿಸ್ತೀರ್ಣಕ್ಕೆ ತಕ್ಕ ತೂಕ ನೀಡಿದಂತೆ ಇದು. ಹೊಳಲ್ಕೆರೆಯ ಮಾಪಕವೊಂದನ್ನೇ ನೆಚ್ಚಿದರೆ ಹಿರಿಯೂರಿನ ಒಣಭೂಮಿಯ ಸ್ಥಿತಿ ಮರೆಯಾಗುತ್ತದೆ.

ಎರಡನೆಯದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ 2003ರಲ್ಲಿ ಬಂದ ಸ್ಮಾರ್ಟ್ಸ್. ಇದರಲ್ಲಿ ತಲಾ ಒಂದು ಸಾವಿರ ಆದೇಶಗಳ ಸುಮಾರು ಹತ್ತು ಸಾವಿರ ಕಿರುತುಣುಕುಗಳನ್ನು ಓಟದುದ್ದಕ್ಕೂ ಸಮಾನ ಅಂತರದಲ್ಲಿ ಆರಿಸಿ ಸವಿವರವಾಗಿ ಅಳೆಯಲಾಗುತ್ತದೆ. ನಡುವಿನ ಅವಧಿಯಲ್ಲಿ ಕ್ಯಾಶ್ ಮತ್ತು ಕವಲು ಊಹಕಗಳನ್ನು ಮಾತ್ರ ಸದಾ ಅಣಿಯಾಗಿಡಲಾಗುತ್ತದೆ. ಈ ಕ್ರಮದ ವಿಶೇಷವೆಂದರೆ ಫಲದ ಜೊತೆಗೆ ಅದರ ದೋಷದ ಮಿತಿಯನ್ನೂ ಸಂಖ್ಯಾಶಾಸ್ತ್ರದ ಆಧಾರದಿಂದ ಹೇಳಬಹುದಾಗಿದೆ. ಆದರೆ ಸಮಾನ ಅಂತರದ ಆಯ್ಕೆಗೂ ಒಂದು ಅಪಾಯವುಂಟು. ವಾರಕ್ಕೊಮ್ಮೆ ಸಂತೆ ಸೇರುವ ಊರಿನಲ್ಲಿ ಪ್ರತಿ ಏಳನೆಯ ದಿನ ಜನರನ್ನು ಎಣಿಸಿದರೆ ಎಲ್ಲ ದಿನವೂ ಸಂತೆಯೆಂದೋ, ಎಂದೂ ಸಂತೆಯಿಲ್ಲವೆಂದೋ ತೋರುತ್ತದೆ. ಪ್ರೋಗ್ರಾಮಿನ ಆವರ್ತನವೂ ಮಾದರಿಯ ಅಂತರವೂ ಹೀಗೆ ಕೂಡಿ ಬಾರದಂತೆ ನೋಡಿಕೊಳ್ಳಬೇಕು.

5. ಒಂದೇ ಓಟದ ಅಪಾಯ

ಸಿಮ್ಯುಲೇಟರು ಎಷ್ಟು ಬಾರಿ ಓಡಿಸಿದರೂ, ಎಲ್ಲ ನಿಯತಾಂಕಗಳು ಒಂದೇ ಆಗಿದ್ದರೆ, ಕೊನೆಯ ಅಂಕಿಯವರೆಗೂ ಒಂದೇ ಉತ್ತರವನ್ನು ಕೊಡುವಂತೆ ರಚಿತವಾಗಿರುತ್ತದೆ. ಇದನ್ನು ಕಂಡು ಫಲ ನಿಶ್ಚಿತವೆಂದು ನಂಬುವುದು ಸುಲಭ. ಆದರೆ ಒಂದೇ ಉತ್ತರವನ್ನು ಸಾವಿರ ಸಲ ಕೇಳಿದ ಮಾತ್ರಕ್ಕೆ ಅದು ಸಾವಿರ ಸಾಕ್ಷಿಗಳಾಗುವುದಿಲ್ಲ. ಹಲವು ಎಳೆಗಳಲ್ಲಿ ಓಡುವ ಪ್ರೋಗ್ರಾಮುಗಳಲ್ಲಿ ಸ್ಮೃತಿಯ ಉತ್ತರವೊಂದು ಕೆಲವು ನ್ಯಾನೋಸೆಕೆಂಡು ತಡವಾದರೂ ಬೀಗವೊಂದು ಬೇರೆ ಎಳೆಗೆ ದೊರೆಯಬಹುದು. ಅಲ್ಲಿಂದ ಮುಂದೆ ಓಟದ ಹಾದಿಯೇ ಬದಲಾಗಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಲಾ ಅಲಮೆಲ್ದೀನ್ ಮತ್ತು ಡೇವಿಡ್ ವುಡ್ ಅವರು 2003ರಲ್ಲಿ ಈ ಚಂಚಲತೆಯನ್ನು ವಿಶದಪಡಿಸಿದರು. ಸ್ಮೃತಿಯ ವಿಳಂಬಕ್ಕೆ ಯಾದೃಚ್ಛಿಕವಾದ ಅತ್ಯಲ್ಪ ವ್ಯತ್ಯಾಸವನ್ನು ಬೆರೆಸಿ, ಹಲವು ಓಟಗಳನ್ನು ನಡೆಸಿ, ಸಂಖ್ಯಾಶಾಸ್ತ್ರದ ವಿಧಿಗಳಿಂದ ಹೋಲಿಸಬೇಕೆಂಬುದು ಅವರ ಸೂಚನೆ.

ಇದರ ಅಗತ್ಯವನ್ನು ಒಂದು ಕಲ್ಪಿತ ಉದಾಹರಣೆ ಸ್ಪಷ್ಟಪಡಿಸುತ್ತದೆ. ಮೊದಲ ವಿನ್ಯಾಸದ ಐದು ಓಟಗಳಿಗೆ 100, 104, 98, 103, 100 ಮಿಲಿಸೆಕೆಂಡುಗಳು ತಗಲಿದವು, ಸರಾಸರಿ 101. ಎರಡನೆಯ ವಿನ್ಯಾಸಕ್ಕೆ 99, 97, 101, 96, 102, ಸರಾಸರಿ 99. ಸರಾಸರಿಯ ಪ್ರಕಾರ ಎರಡನೆಯದು ಮೇಲು. ಆದರೆ ತಲಾ ಒಂದೇ ಓಟ ನಡೆಸಿದ ಸಂಶೋಧಕನಿಗೆ ಮೊದಲನೆಯದರ 98 ಮತ್ತು ಎರಡನೆಯದರ 102 ದೊರೆತಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು. ಅಷ್ಟೇ ಅಲ್ಲ, ಐದೈದು ಓಟಗಳೂ ಇಲ್ಲಿ ಸಾಲವು. ಶೇಕಡ 95ರ ವಿಶ್ವಾಸಮಟ್ಟದಲ್ಲಿ ಲೆಕ್ಕ ಹಾಕಿದರೆ ಎರಡರ ನಡುವಿನ ಅಂತರವು ಸುಮಾರು −1.6 ರಿಂದ +5.6 ಮಿಲಿಸೆಕೆಂಡುಗಳ ನಡುವೆ ಎಲ್ಲಿ ಬೇಕಾದರೂ ಇರಬಹುದು. ಸೊನ್ನೆಯೂ ಅದರೊಳಗೇ ಇರುವುದರಿಂದ ಎರಡನೆಯದು ಮೇಲೆಂದು ಹೇಳಲು ಆಧಾರವಿಲ್ಲ. ಇಪ್ಪತ್ತು ಇಪ್ಪತ್ತು ಓಟಗಳಲ್ಲಿ ಅದೇ ಸರಾಸರಿ, ಅದೇ ಚದುರುವಿಕೆ ಕಂಡುಬಂದರೆ ಅಂತರವು 0.4 ರಿಂದ 3.6ರ ನಡುವೆ ನಿಲ್ಲುತ್ತದೆ. ಆಗ ಮಾತ್ರ ಸುಧಾರಣೆ ನಿಜವೆನ್ನಲು ಸಮರ್ಥನೆ ದೊರೆಯುತ್ತದೆ.

6. ಎಣಿಸಬೇಕಾದುದು ಯಾವುದನ್ನು

ಒಂದು ಮಿಡಿತಕ್ಕೆ ಎಷ್ಟು ಆದೇಶಗಳು ಎಂಬ ಅಳತೆಗೋಲು ಬಹುಕಾಲದಿಂದ ಬಳಕೆಯಲ್ಲಿದೆ. ಏಕಾಂಗಿಯಾಗಿ ಓಡುವ ಪ್ರೋಗ್ರಾಮಿಗೆ ಇದು ಹೊಂದುತ್ತದೆ. ಪೂರ್ಣವ್ಯವಸ್ಥೆಯಲ್ಲಿ ಹಲವು ಎಳೆಗಳಿದ್ದಾಗ ಇದು ದಾರಿ ತಪ್ಪಿಸಬಹುದು. ಬೀಗಕ್ಕಾಗಿ ಕಾಯುತ್ತಿರುವ ಎಳೆಯೂ ಬೀಗ ತೆರೆಯಿತೇ ಎಂದು ಸತತವಾಗಿ ಪರೀಕ್ಷಿಸುತ್ತ ಆದೇಶಗಳನ್ನು ನಿರ್ವಹಿಸುತ್ತಲೇ ಇರುತ್ತದೆ. ಆದೇಶಗಳ ಸಂಖ್ಯೆ ಏರುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದ ದಕ್ಷತೆಯನ್ನು ದಿನಕ್ಕೆ ಎಷ್ಟು ಪಹಣಿಗಳು ರೈತರ ಕೈ ಸೇರಿದವು ಎಂಬುದರಿಂದ ಅಳೆಯಬೇಕೇ ಹೊರತು ಸಾಲಿನಲ್ಲಿ ನಿಂತವರು ಎಷ್ಟು ಬಾರಿ ಕಿಟಕಿಯೊಳಗೆ ಇಣುಕಿದರು ಎಂಬುದರಿಂದಲ್ಲ. ಆದಕಾರಣ ನಿರ್ದಿಷ್ಟ ಪ್ರಮಾಣದ ಕೆಲಸಕ್ಕೆ ತಗಲಿದ ಅನುಕರಿತ ಕಾಲ, ಅಥವಾ ನಿರ್ದಿಷ್ಟ ಕಾಲದಲ್ಲಿ ಮುಗಿದ ವ್ಯವಹಾರಗಳ ಸಂಖ್ಯೆ, ಇವೇ ಇಂತಹ ಪರೀಕ್ಷೆಗಳಲ್ಲಿ ವಿಶ್ವಾಸಾರ್ಹ ಮಾನಗಳು.

7. ಸ್ಥಿರತೆ ಮತ್ತು ಯಥಾರ್ಥತೆ

ಮೇಲಿನ ಎಲ್ಲ ಕ್ರಮಗಳನ್ನು ಪಾಲಿಸಿದಾಗ ಅಳತೆಯು ಸ್ಥಿರವಾಗುತ್ತದೆ. ಸ್ಥಿರವಾದುದೆಲ್ಲ ಯಥಾರ್ಥವೇ ಆಗಬೇಕೆಂದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಆಲ್ಫಾ 21264 ಪ್ರೊಸೆಸರಿನ ಸಿಮ್ಯುಲೇಟರೊಂದನ್ನು ನಿಜವಾದ ಯಂತ್ರದೊಂದಿಗೆ ಹೋಲಿಸಿ, ಪರಿಶೀಲನೆಗೆ ಒಳಪಡದ ಸಿಮ್ಯುಲೇಟರಿನ ಫಲಗಳಲ್ಲಿ ಗಣನೀಯ ದೋಷಗಳಿರಬಹುದೆಂದು ತೋರಿಸಿದರು. ತಕ್ಕಡಿ ಪ್ರತಿ ಬಾರಿಯೂ ಒಂದೇ ತೂಕ ತೋರಿಸಬಹುದು. ಬಟ್ಟು ಸವೆದಿದ್ದರೆ ಆ ತೂಕವೇ ತಪ್ಪು. ಸಾಧ್ಯವಿರುವಲ್ಲೆಲ್ಲ ಸಿಮ್ಯುಲೇಟರನ್ನು ಅದಕ್ಕೆ ಸಮೀಪದ ನಿಜಯಂತ್ರವೊಂದರ ಜೊತೆ ಒರೆಹಚ್ಚಿ ನೋಡುವುದು ಈ ಕಾರಣದಿಂದ ಅವಶ್ಯ.

ವರದಿಯ ಶಿಸ್ತೂ ಇಷ್ಟೇ ಮುಖ್ಯ. ಸಿಮ್ಯುಲೇಟರಿನ ಆವೃತ್ತಿ, ಕರ್ನೆಲ್, ಕಂಪೈಲರ್, ಡಿಸ್ಕ್ ಪ್ರತಿ, ಅಣಿಗೊಳಿಸಿದ ಅವಧಿ, ಅಳತೆಯ ವಲಯ, ಓಟಗಳ ಸಂಖ್ಯೆ, ಚದುರುವಿಕೆ ಇವಿಷ್ಟನ್ನೂ ದಾಖಲಿಸದ ಫಲವನ್ನು ಇನ್ನೊಬ್ಬರು ಪುನಃ ಪರೀಕ್ಷಿಸಲಾರರು. ಹಲವು ಪ್ರೋಗ್ರಾಮುಗಳ ವೇಗವೃದ್ಧಿಯ ಅನುಪಾತಗಳನ್ನು ಒಟ್ಟುಗೂಡಿಸುವಾಗ ಸಾಮಾನ್ಯ ಸರಾಸರಿಗೆ ಬದಲಾಗಿ ಗುಣೋತ್ತರ ಸರಾಸರಿಯನ್ನು ಬಳಸುವುದು ವಾಡಿಕೆ. ಯಾವುದನ್ನು ಬಳಸಿದರೂ ಬಿಡಿಬಿಡಿ ಫಲಗಳನ್ನು ಮರೆಮಾಡಬಾರದು.

ಉಪಸಂಹಾರ

ಭಾರತದಲ್ಲಿ ಪ್ರೊಸೆಸರ್ ವಿನ್ಯಾಸವು ಇಂದು ದೂರದ ಮಾತಾಗಿ ಉಳಿದಿಲ್ಲ. ಮದ್ರಾಸಿನ ಐಐಟಿಯ ಶಕ್ತಿ, ಸಿ-ಡ್ಯಾಕ್ ಸಂಸ್ಥೆಯ ವೇಗ ಎಂಬ ಪ್ರೊಸೆಸರುಗಳು ರೂಪುಗೊಂಡಿವೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಸೆಮಿಕಂಡಕ್ಟರ್ ಕ್ಷೇತ್ರಕ್ಕಾಗಿ 76,000 ಕೋಟಿ ರೂಪಾಯಿಗಳ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಸಾರ್ವಜನಿಕ ಹಣ ಈ ಪ್ರಮಾಣದಲ್ಲಿ ತೊಡಗುವಾಗ, ಯಾವ ವಿನ್ಯಾಸವನ್ನು ಕೈಗೆತ್ತಿಕೊಳ್ಳಬೇಕೆಂಬ ನಿರ್ಧಾರದ ಹಿಂದಿರುವ ಅಂಕಿಗಳು ಪರಿಶುದ್ಧವಾಗಿರುವುದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ.

ಚಿತ್ರದುರ್ಗ ಜಿಲ್ಲೆಗೂ ಇದರಲ್ಲಿ ಪಾಲಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಸುಮಾರು 1,500 ಎಕರೆಗಳಲ್ಲಿ ನೆಲೆಗೊಂಡಿದ್ದು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಜೆಮ್5 ಮುಕ್ತ ತಂತ್ರಾಂಶವಾದುದರಿಂದ ಅದಕ್ಕೆ ಹಣ ತೆರಬೇಕಿಲ್ಲ. ಸಾಧಾರಣ ಕಂಪ್ಯೂಟರು ಮತ್ತು ತಾಳ್ಮೆ ಇದ್ದರೆ ಜಿಲ್ಲಾ ಕೇಂದ್ರದ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಯೂ ಪ್ರಯೋಗ ನಡೆಸಬಹುದು. ಆ ವಿದ್ಯಾರ್ಥಿಗೆ ಬೇಕಾದ ವಿವೇಕ ಹೊಸದೇನಲ್ಲ. ಮಳೆಯನ್ನು ನಕ್ಷತ್ರವಾರು ಲೆಕ್ಕವಿಡುವ ರೈತನು ಒಂದು ಹಸ್ತೆಯ ಮಳೆ ಕಂಡು ವರ್ಷದ ಬೆಳೆಯನ್ನು ನಿಶ್ಚಯಿಸುವುದಿಲ್ಲ. ಕೆರೆಯ ನೀರು ನೋಡುವ ಮುನ್ನ ಹಿಂದಿನ ವರ್ಷದ ನೀರು ಎಷ್ಟು ಉಳಿದಿತ್ತೆಂದು ಕೇಳುತ್ತಾನೆ. ಅಳತೆ ಎಲ್ಲಿಂದ ಆರಂಭವಾಯಿತು, ಆಗ ಸ್ಥಿತಿ ಹೇಗಿತ್ತು, ಮತ್ತೊಮ್ಮೆ ಅಳೆದರೆ ಎಷ್ಟು ಬದಲಾದೀತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಇಲ್ಲದ ಯಾವ ಅಂಕಿಯನ್ನೂ ಸಿಮ್ಯುಲೇಟರಿನ ಕಡತದಿಂದ ಪ್ರಬಂಧಕ್ಕೆ ಎತ್ತಿಕೊಳ್ಳಬಾರದು.